72 ಮತಗಳಿಂದ ಸತ್ತ ರಾಬಿನ್: ಅಭಿಮಾನಿಗಳ ಅಭಿಪ್ರಾಯವನ್ನು ಎಣಿಸಿದ ಕಥೆ

1988ರ ಸೆಪ್ಟೆಂಬರ್ 15ರ ಬೆಳಿಗ್ಗೆ ಅಮೆರಿಕದಲ್ಲಿ ಎರಡು ಫೋನ್ ನಂಬರ್‌ಗಳು ಶುರುವಾದವು. ಒಂದಕ್ಕೆ ಕರೆ ಮಾಡಿದರೆ ಕಾಮಿಕ್ಸ್ ಪಾತ್ರ ರಾಬಿನ್ ಬದುಕಬೇಕು ಅಂತ ಮತ. ಇನ್ನೊಂದಕ್ಕೆ ಮಾಡಿದರೆ ಸಾಯಬೇಕು ಅಂತ. ಒಂದು ಕರೆಗೆ 50 ಸೆಂಟ್. ಮರುದಿನ ರಾತ್ರಿ ಲೈನ್ ಬಂದ್ ಆದಾಗ ಬಂದಿದ್ದ ಕರೆಗಳು 10,614. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬ್ಯಾಟ್‌ಮನ್‌ನ ಶಿಷ್ಯ 72 ಮತಗಳ ಅಂತರದಲ್ಲಿ ಸತ್ತ.

ಇದು ಸಾಮಾನ್ಯರಿಗೆ ಗೊತ್ತಿದ್ದ ರಾಬಿನ್ ಅಲ್ಲ. 1940ರಲ್ಲಿ ಬಂದ ಮೊದಲ ರಾಬಿನ್, ಡಿಕ್ ಗ್ರೇಸನ್, ಅಷ್ಟೊತ್ತಿಗೆ ದೊಡ್ಡವನಾಗಿ ನೈಟ್‌ವಿಂಗ್ ಎಂಬ ಬೇರೆ ಹೆಸರಿನಲ್ಲಿ ಓಡಾಡುತ್ತಿದ್ದ. ಅವನ ಜಾಗಕ್ಕೆ 1983ರಲ್ಲಿ ಬ್ಯಾಟ್‌ಮನ್ ಪ್ರಕಾಶಕರಾದ ಡಿಸಿ ಕಾಮಿಕ್ಸ್‌ನವರು ಜೇಸನ್ ಟಾಡ್ ಎಂಬ ಹುಡುಗನನ್ನು ತಂದರು. ಇವನೂ ಸರ್ಕಸ್‌ನವರ ಮಗ, ಇವನಿಗೂ ಅಪ್ಪ ಅಮ್ಮ ಇಲ್ಲ. ಹಳೇ ರಾಬಿನ್‌ನ ನಕಲು ಅನ್ನಿಸುವಷ್ಟು ಹೋಲಿಕೆ ಇತ್ತು. 1987ರಲ್ಲಿ ಅವನ ಹಿಂದಿನ ಕಥೆಯನ್ನೇ ಬದಲಿಸಿದರು. ಹೊಸ ಜೇಸನ್ ಬೀದಿಯಲ್ಲಿ ಬೆಳೆದವನು, ಬ್ಯಾಟ್‌ಮನ್ ಕಾರಿನ ಚಕ್ರಗಳನ್ನೇ ಕದಿಯಲು ಹೋದವನು, ಎದುರು ಮಾತಾಡುವವನು. ಓದುಗರಿಗೆ ಹಿಡಿಸಲಿಲ್ಲ. ಬೈದು ಬರೆದ ಪತ್ರಗಳು ಬರತೊಡಗಿದವು.

ಸಂಪಾದಕ ಡೆನ್ನಿಸ್ ಓನೀಲ್‌ಗೆ ಫೋನ್ ಮತದಾನದ ಐಡಿಯಾ ಬಂದಿದ್ದು ಒಂದು ಟಿವಿ ತಮಾಷೆಯಿಂದ. 1982ರಲ್ಲಿ ‘ಸ್ಯಾಟರ್‌ಡೇ ನೈಟ್ ಲೈವ್’ ಕಾರ್ಯಕ್ರಮದಲ್ಲಿ ಎಡ್ಡಿ ಮರ್ಫಿ ಲ್ಯಾರಿ ಎಂಬ ಜೀವಂತ ಲಾಬ್‌ಸ್ಟರ್ (ದೊಡ್ಡ ಸಿಗಡಿಯಂಥ ಕಡಲಜೀವಿ) ಒಂದನ್ನು ತೋರಿಸಿ, ಇದನ್ನು ಬೇಯಿಸಲಾ ಬಿಡಲಾ, ಫೋನ್ ಮಾಡಿ ಹೇಳಿ ಅಂದಿದ್ದ. ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಕರೆ ಬಂದವು. ಜನ ಲ್ಯಾರಿಯನ್ನು ಉಳಿಸಿದರು. ಆದರೂ ಮುಂದಿನ ವಾರ ಅದನ್ನು ಬೇಯಿಸಿಯೇ ಬಿಟ್ಟರು! ಅಭಿಮಾನಿಗಳ ಮತಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಆಮೇಲೆ ಯಾರೂ ಕೊಟ್ಟಂತಿಲ್ಲ.

ಕಾಮಿಕ್ಸ್‌ನಲ್ಲಿ ಮಾತ್ರ ಮಾತು ಉಳಿಸಿಕೊಂಡರು. ಬ್ಯಾಟ್‌ಮನ್‌ನ ಶತ್ರು ಜೋಕರ್ ಆ ಹುಡುಗನನ್ನು ಕಬ್ಬಿಣದ ಸಲಾಕೆಯಿಂದ ಹೊಡೆಯುತ್ತಾನೆ, ಬಾಂಬ್ ಸಿಡಿಯುತ್ತದೆ, ಸಂಚಿಕೆ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಸಂಚಿಕೆಗೆ ಎರಡೂ ಬಗೆಯ ಪುಟ ಬರೆದಿಟ್ಟಿದ್ದರು. ಗೆದ್ದ ಪುಟ ಅಚ್ಚಾಯಿತು. ಆಮೇಲೆ ಪತ್ರಿಕೆಗಳು ರಾಬಿನ್ ಸತ್ತ ಅಂತ ಬರೆದಾಗ, 1966ರ ಟಿವಿ ಧಾರಾವಾಹಿಯ ನಗುಮುಖದ ರಾಬಿನ್‌ನನ್ನು ನೆನಪಿಟ್ಟುಕೊಂಡಿದ್ದ ಜನ ಸಿಟ್ಟಾದರು. ಅವರು ಫೋನ್ ಮಾಡಿದವರೂ ಅಲ್ಲ, ಆ ಕಾಮಿಕ್ಸ್ ಓದಿದವರೂ ಅಲ್ಲ.

ಇನ್ನೊಂದು ವಿಷಯ ಇದೆ. ಕ್ಯಾಲಿಫೋರ್ನಿಯಾದ ಒಬ್ಬ ವಕೀಲ ತನ್ನ ಮ್ಯಾಕಿಂಟಾಷ್ ಕಂಪ್ಯೂಟರ್‌ನಿಂದ ಗಂಟೆಗಟ್ಟಲೆ, ಒಂದೆರಡು ನಿಮಿಷಕ್ಕೊಮ್ಮೆ ‘ಸಾಯಲಿ’ ನಂಬರ್‌ಗೆ ಕರೆ ಹೋಗುವಂತೆ ಮಾಡಿದ್ದನಂತೆ. ಕೇಳಿದ ಮಾತು ಎಂದೇ ಓನೀಲ್ ಇದನ್ನು ಹೇಳಿದ್ದು. ನಿಜವೋ ಸುಳ್ಳೋ, 72 ಮತದ ಅಂತರಕ್ಕೆ ಅಂಥ ಒಬ್ಬ ಸಾಕು. 5,343 ಕರೆ ಅಂದರೆ 5,343 ಜನ ಅಂತ ಅರ್ಥವಲ್ಲ, ಅಲ್ವಾ?

ಅದಕ್ಕೂ ಮುಂಚೆ ಲೆಕ್ಕ ನಡೆಯುತ್ತಿದ್ದದ್ದು ಅಂಚೆಯಲ್ಲಿ. 1960ರ ದಶಕದ ಶುರುವಿನಲ್ಲಿ ಡಿಸಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಓದುಗರ ಪತ್ರಗಳ ಕೆಳಗೆ ಅವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕತೊಡಗಿದ. ಇದು ಸಣ್ಣ ಬದಲಾವಣೆಯಂತೆ ಕಂಡರೂ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಓದುಗ ಬರೆಯುತ್ತಿದ್ದದ್ದು ಕಂಪನಿಗೆ ಮಾತ್ರ. ಈಗ ಓದುಗರು ಓದುಗರಿಗೇ ಬರೆಯಬಹುದಾಯಿತು. ಪರಿಚಯ ಬೆಳೆಯಿತು, ಕೈಯಲ್ಲೇ ಪ್ರತಿ ತೆಗೆದ ಅಭಿಮಾನಿ ಪತ್ರಿಕೆಗಳು ಹುಟ್ಟಿದವು, 1970ರಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್ ಸಮಾವೇಶ ಶುರುವಾಯಿತು. ಮಿಸ್ಸೌರಿಯಿಂದ ಪತ್ರ ಬರೆಯುತ್ತಿದ್ದ ರಾಯ್ ಥಾಮಸ್ 1972ರಲ್ಲಿ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನ ಪ್ರಧಾನ ಸಂಪಾದಕನೇ ಆದ. ಪತ್ರ ಬರೆಯಲು ಕೂರಬೇಕು, ಯೋಚಿಸಬೇಕು, ಅಂಚೆಚೀಟಿ ಹಚ್ಚಬೇಕು. ಅಷ್ಟು ಕಷ್ಟ ಪಟ್ಟವನ ಮಾತಿಗೆ ತಾನಾಗಿ ತೂಕ ಬರುತ್ತಿತ್ತು. ಆದರೆ ಅಷ್ಟು ಪುರುಸೊತ್ತು ಇದ್ದವರ ಮಾತು ಮಾತ್ರ ಕೇಳಿಸುತ್ತಿತ್ತು ಎಂಬುದೂ ಅಷ್ಟೇ ನಿಜ.

ರಾಬಿನ್ ಸತ್ತ ವರ್ಷವೇ ಪತ್ರಗಳು ಇನ್ನೊಂದು ಸಲ ಗುಡ್ಡೆ ಬಿದ್ದವು. ಈ ಸಲ ಬಂದಿದ್ದು ಸಿನಿಮಾ ಸ್ಟುಡಿಯೊ ವಾರ್ನರ್ ಬ್ರದರ್ಸ್ ಕಚೇರಿಗೆ. ಟಿಮ್ ಬರ್ಟನ್ ತನ್ನ ಬ್ಯಾಟ್‌ಮನ್ ಸಿನಿಮಾಕ್ಕೆ ಮೈಕಲ್ ಕೀಟನ್‌ನನ್ನು ಆರಿಸಿದ್ದ. ಕೀಟನ್ ಅಂದರೆ ಆಗ ಕಾಮಿಡಿ ನಟ. ಸುಮಾರು 50,000 ವಿರೋಧದ ಪತ್ರಗಳು ಬಂದವು ಎಂದು ವರದಿಯಾಯಿತು. ಸಿಟ್ಟಿಗೆ ಕಾರಣವೂ ಇತ್ತು. 1966ರ ಟಿವಿ ಧಾರಾವಾಹಿ ಬ್ಯಾಟ್‌ಮನ್‌ನನ್ನು ನಗೆಪಾಟಲು ಮಾಡಿತು ಎಂಬ ನೋವು ಅಭಿಮಾನಿಗಳಲ್ಲಿ ಇಪ್ಪತ್ತು ವರ್ಷವಾದರೂ ಆರಿರಲಿಲ್ಲ. ಮತ್ತೆ ಅದೇ ಆಗುತ್ತೆ ಅಂತ ಹೆದರಿದರು. ಸ್ಟುಡಿಯೊ ನಟನನ್ನು ಬದಲಿಸಲಿಲ್ಲ. ಅವಸರದಲ್ಲಿ ಒಂದು ಟ್ರೈಲರ್ ಕಟ್ಟಿ ಆ ಕ್ರಿಸ್‌ಮಸ್ ಹೊತ್ತಿಗೆ ಥಿಯೇಟರ್‌ಗಳಲ್ಲಿ ಬಿಟ್ಟಿತು. 1989ರ ಜೂನ್‌ನಲ್ಲಿ ಬಂದ ಸಿನಿಮಾ ಜಗತ್ತಿನಾದ್ಯಂತ 40 ಕೋಟಿ ಡಾಲರ್ ದಾಟಿತು. ಮುಂದೆ ಹೀತ್ ಲೆಡ್ಜರ್ ಜೋಕರ್ ಆಗುತ್ತಾನೆ ಎಂದಾಗಲೂ ಇದೇ ಗಲಾಟೆ. ಆತನಿಗೆ ಆ ಪಾತ್ರಕ್ಕೇ, ತೀರಿಹೋದ ಮೇಲೆ, 2009ರಲ್ಲಿ ಆಸ್ಕರ್ ಬಂತು. ಯಾರು ಪಾತ್ರಕ್ಕೆ ಹೊಂದುತ್ತಾರೆ ಅಂತ ಮುಂಚಿತವಾಗಿ ಹೇಳುವುದರಲ್ಲಿ ಅಭಿಮಾನಿಗಳ ದಾಖಲೆ ಏನೂ ಚೆನ್ನಾಗಿಲ್ಲ. ನೋಡಿ ಬಂದ ಮೇಲೆ ಹೇಳುವುದರಲ್ಲಿ ಪರವಾಗಿಲ್ಲ.

ಧಾರಾವಾಹಿಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಕಥೆ ಇನ್ನೂ ನಡೆಯುತ್ತಿರುವಾಗಲೇ ಕೂಗು ಬರುತ್ತೆ, ಬರೆಯುವವರಿಗೆ ತಿದ್ದಿಕೊಳ್ಳಲು ಸಮಯವೂ ಇರುತ್ತೆ. ಸ್ಟಾರ್ ಪ್ಲಸ್‌ನಲ್ಲಿ 2000ದಲ್ಲಿ ಶುರುವಾದ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ಯಲ್ಲಿ ಕಥಾನಾಯಕ ಮಿಹಿರ್ ವಿರಾನಿಯನ್ನು ಸಾಯಿಸಿದಾಗ ದೇಶದಲ್ಲಿ ಎದ್ದ ಗದ್ದಲಕ್ಕೆ ಅವನನ್ನು ಬದುಕಿಸಲೇಬೇಕಾಯಿತು. ದಿನನಿತ್ಯದ ಲೆಕ್ಕ ಮಾತ್ರ ಟಿಆರ್‌ಪಿಯದ್ದು. ಆಯ್ದ ಕೆಲವು ಮನೆಗಳಲ್ಲಿ ಇಟ್ಟ ಮೀಟರ್ ಯಾವ ಚಾನೆಲ್ ಓಡುತ್ತಿದೆ, ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂದಷ್ಟೇ ಹೇಳುತ್ತದೆ. ‘ಇದೇನು ಕಥೆ, ಎಳೀತಾನೇ ಇದಾರೆ’ ಅಂತ ದಿನಾ ಬೈಯುತ್ತ, ದಿನಾ ತಪ್ಪದೆ ನೋಡುವ ಅಜ್ಜಿ ಆ ಮೀಟರ್ ಪ್ರಕಾರ ಪಕ್ಕಾ ಅಭಿಮಾನಿ.

ಎಣಿಸುವವರೇ ಮೋಸ ಮಾಡಿದರೆ? ದಕ್ಷಿಣ ಕೊರಿಯಾದಲ್ಲಿ ಹಾಗೆಯೇ ಆಯಿತು. ಅಲ್ಲಿ ‘ಪ್ರೊಡ್ಯೂಸ್’ ಎಂಬ ಟಿವಿ ಸ್ಪರ್ಧೆಯಲ್ಲಿ ಪ್ರೇಕ್ಷಕರು ದುಡ್ಡು ಕೊಟ್ಟು ಮೆಸೇಜ್ ಕಳಿಸಿ ಪಾಪ್ ತಂಡದ ಸದಸ್ಯರನ್ನು ಆರಿಸಬೇಕಿತ್ತು. 2019ರ ಜುಲೈನಲ್ಲಿ ಕೊನೆಯ ಫಲಿತಾಂಶ ಬಂದಾಗ ಅಭಿಮಾನಿಗಳು ಕೂತು ಲೆಕ್ಕ ಹಾಕಿದರು. ಬೇರೆ ಬೇರೆ ಸ್ಥಾನಗಳ ನಡುವಿನ ಮತಗಳ ಅಂತರ ಮತ್ತೆ ಮತ್ತೆ ಒಂದೇ ಬರುತ್ತಿತ್ತು: 29,978. ನಿಜವಾದ ಮತದಲ್ಲಿ ಹಾಗೆ ಆಗುವುದುಂಟೇ? ಪೊಲೀಸ್ ತನಿಖೆ ನಡೆಯಿತು. ಕಾರ್ಯಕ್ರಮದ ನಿರ್ದೇಶಕನಿಗೆ 2020ರಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು. ಆ ಮತದಿಂದ ಹುಟ್ಟಿದ್ದ ಎಕ್ಸ್ 1 ತಂಡ ಆರು ತಿಂಗಳೂ ಪೂರೈಸದೆ ಒಡೆಯಿತು. ಪಾಪ್ ಅಭಿಮಾನಿಗಳು ಅಂದರೆ ಸುಮ್ನೆ ಕಿರುಚುವವರು ಅಂತ ಹೇಳುವವರು ಈ ಪ್ರಕರಣ ಓದಬೇಕು.

ಸೂಪರ್‌ಹೀರೊ ಸಿನಿಮಾಗಳಲ್ಲಿ ಅಭಿಮಾನಿಗಳ ಅತಿ ದೊಡ್ಡ ಗೆಲುವು ‘ಜಸ್ಟಿಸ್ ಲೀಗ್’ನದು. ನಿರ್ದೇಶಕ ಝ್ಯಾಕ್ ಸ್ನೈಡರ್ ಮಗಳನ್ನು ಕಳೆದುಕೊಂಡು 2017ರ ಮೇನಲ್ಲಿ ಸಿನಿಮಾ ಬಿಟ್ಟರು. ಜಾಸ್ ವೀಡನ್ ಅದನ್ನು ಮುಗಿಸಿದರು. ನವೆಂಬರ್‌ನಲ್ಲಿ ಬಂದ ಸಿನಿಮಾ ಯಾರಿಗೂ ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ‘ರಿಲೀಸ್ ದ ಸ್ನೈಡರ್ ಕಟ್’ (ಸ್ನೈಡರ್ ಮಾಡಿದ ಸಿನಿಮಾವನ್ನೇ ಬಿಡುಗಡೆ ಮಾಡಿ) ಎಂಬ ಹ್ಯಾಷ್‌ಟ್ಯಾಗ್ ಓಡತೊಡಗಿತು. ಅಭಿಮಾನಿಗಳು ಹಾಗೇ ಕೂಗಿ ಸುಮ್ಮನಾಗಲಿಲ್ಲ. ಜಾಹೀರಾತು ಫಲಕ ಹಾಕಿಸಿದರು. ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಹಣ ಕೂಡಿಸಿಕೊಟ್ಟರು. ಸಿನಿಮಾಕ್ಕೆ ಎರಡು ವರ್ಷ ತುಂಬಿದ ದಿನ ನಟರೇ ಆ ಹ್ಯಾಷ್‌ಟ್ಯಾಗ್ ಹಾಕಿದರು. ಸ್ಟುಡಿಯೊ ಬಗ್ಗಿತು. 7 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ಮುಗಿಸಿದ ನಾಲ್ಕು ಗಂಟೆಯ ಸಿನಿಮಾ 2021ರ ಮಾರ್ಚ್ 18ರಂದು ಬಂತು. ನನ್ನ ಲೆಕ್ಕದಲ್ಲಿ ಅದು ಮೊದಲಿನದ್ದಕ್ಕಿಂತ ಎಷ್ಟೋ ಮೇಲು. ನಾಲ್ಕು ಗಂಟೆ ಬೇಕಿತ್ತಾ ಅನ್ನುವುದು ಬೇರೆ ಮಾತು.

ಆದರೆ 2022ರ ಜುಲೈನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸ್ಟುಡಿಯೊದ ಮಾಲೀಕ ಕಂಪನಿಯೇ ಮಾಡಿಸಿದ್ದ ಒಂದು ವರದಿಯನ್ನು ಹೊರಹಾಕಿತು. ಆ ಕೂಗಿನಲ್ಲಿ ಸೇರಿದ್ದ ಖಾತೆಗಳಲ್ಲಿ ಕನಿಷ್ಠ 13% ನಕಲಿ ಎಂದು ಅದರಲ್ಲಿತ್ತು. ಇಂಥ ಟ್ರೆಂಡ್‌ಗಳಲ್ಲಿ ನಕಲಿ ಖಾತೆ 3ರಿಂದ 5% ಇರುವುದು ಸಾಮಾನ್ಯವಂತೆ. ಅಭಿಮಾನಿಗಳು ಸಿಟ್ಟಾದರು. ಅವರ ಸಿಟ್ಟಿನಲ್ಲೂ ನ್ಯಾಯ ಇದೆ: 13% ನಕಲಿ ಅಂದರೆ ಉಳಿದ 87% ಜನ ನಿಜ ತಾನೇ? ಆದರೆ ಟ್ರೆಂಡ್ ಆಗುವುದು ಒಟ್ಟು ಸಂಖ್ಯೆಯಿಂದ, ಅದರಲ್ಲಿ ಎಷ್ಟು ಮನುಷ್ಯರು ಎಂಬುದರಿಂದ ಅಲ್ಲ. ಆ ಮ್ಯಾಕಿಂಟಾಷ್ ವಕೀಲನಿಗೆ ಕರೆಗೆ 50 ಸೆಂಟ್ ಆದರೂ ಖರ್ಚಿತ್ತು. ಹ್ಯಾಷ್‌ಟ್ಯಾಗ್‌ಗೆ ಅದೂ ಇಲ್ಲ.

ಕನ್ನಡದಲ್ಲಿ ಈ ಲೆಕ್ಕವೇ ತಲೆಕೆಳಗಾಗಿತ್ತು. ದಶಕಗಳ ಕಾಲ ಇಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಕಾಲೂರಲು ಒದ್ದಾಡುತ್ತಿದ್ದಾಗ ಅದಕ್ಕೆ ಅರ್ಥವಿತ್ತು. ಆಮೇಲೆ ಅದೇ ಅಭ್ಯಾಸವಾಯಿತು. ಸ್ಪೈಡರ್‌ಮ್ಯಾನ್ ಹಿಂದಿ, ತಮಿಳು, ತೆಲುಗಿನಲ್ಲಿ ಮಾತಾಡುತ್ತಿದ್ದ, ಕನ್ನಡದ ಮಕ್ಕಳು ಅರ್ಥವಾದಷ್ಟು ಅರ್ಥ ಮಾಡಿಕೊಂಡು ನೋಡುತ್ತಿದ್ದರು. 2012ರಲ್ಲಿ ಆಮಿರ್ ಖಾನ್‌ರ ‘ಸತ್ಯಮೇವ ಜಯತೆ’ ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಾಗಲಿಲ್ಲ. ಡಬ್ಬಿಂಗ್ ಬೇಕು ಅನ್ನುವ ನೋಡುಗರು ಆನ್‌ಲೈನ್‌ನಲ್ಲಿ ಎಷ್ಟು ಬರೆದರೂ ಅವರನ್ನು ಎಣಿಸುವ ಫೋನ್ ನಂಬರ್ ಇರಲಿಲ್ಲ. ಕೊನೆಗೆ ಅದು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2015ರಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಕೆಲವು ಸಂಘಗಳಿಗೆ ದಂಡ ಹಾಕಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಹೆಸರಿನಲ್ಲಿ ತಮಿಳಿನ ಒಂದು ಸಿನಿಮಾ ಡಬ್ ಆಗಿ ಬಂತು, ಥಿಯೇಟರ್‌ಗಳ ಮುಂದೆ ಪ್ರತಿಭಟನೆಯೂ ನಡೆಯಿತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾದಾಗ ಕನ್ನಡವೂ ಅವುಗಳಲ್ಲಿ ಒಂದಾಗಿತ್ತು. ಈಗ ಇಂಥ ಸಿನಿಮಾ ಬಂದಾಗ ಧ್ವನಿ ಸರಿಯಿಲ್ಲ, ಮಾತು ಪುಸ್ತಕದ ಕನ್ನಡ ಆಯ್ತು ಅಂತ ಕನ್ನಡದವರೂ ಧಾರಾಳವಾಗಿ ಬೈಯಬಹುದು.