ತಂಡವಿದೆ, ದೇಶದ ಹೆಸರಿಲ್ಲ

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ, ಡೆನ್ಮಾರ್ಕ್‌ನಲ್ಲಿದ್ದ ಮಾಜಿ ನಾಯಕಿ ಖಾಲಿದಾ ಪೋಪಲ್ ಅಫ್ಘಾನಿಸ್ತಾನದ ಫುಟ್‌ಬಾಲ್ ಆಟಗಾರ್ತಿಯರಿಗೆ ಹೇಳಿದ್ದು ಇಷ್ಟೇ: ಫೋಟೊಗಳನ್ನು ಅಳಿಸಿ, ಜರ್ಸಿ ಸುಟ್ಟುಹಾಕಿ. ಆ ಜರ್ಸಿ ತೊಡಲೆಂದೇ ಅವರು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆತಂದಿದ್ದರು.

ತಂಡ ಹುಟ್ಟಿದ್ದು 2007ರಲ್ಲಿ. ಅದಕ್ಕೂ ಮೊದಲು, 1996ರಿಂದ 2001ರವರೆಗಿನ ತಾಲಿಬಾನ್ ಆಡಳಿತದಲ್ಲಿ ಹುಡುಗಿಯರಿಗೆ ಶಾಲೆಯೇ ಇರಲಿಲ್ಲ, ಇನ್ನು ಆಟ ಎಲ್ಲಿಂದ ಬರಬೇಕು? ಕಾಬೂಲ್‌ನ ಘಾಜಿ ಸ್ಟೇಡಿಯಂನಲ್ಲಿ ಆಗ ಜನರೆದುರೇ ಮರಣದಂಡನೆ ನಡೆಯುತ್ತಿತ್ತು. ಹೊಸ ತಂಡಕ್ಕೂ ಊರಿನ ಮೈದಾನ ಸುರಕ್ಷಿತವಾಗಿರಲಿಲ್ಲ. ನ್ಯಾಟೊ ಸೇನಾ ನೆಲೆಯೊಳಗೆ ಅಭ್ಯಾಸ. ಹೆಲಿಕಾಪ್ಟರ್ ಇಳಿಯಲು ಬಂದರೆ ಚೆಂಡು ಎತ್ತಿಕೊಂಡು ಪಕ್ಕಕ್ಕೆ ಸರಿಯಬೇಕು.

2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಮೊದಲ ಅಧಿಕೃತ ಪಂದ್ಯ. ನೇಪಾಳದ ಎದುರು 13-0 ಸೋಲು. ಎರಡೇ ವರ್ಷದಲ್ಲಿ ಪಾಕಿಸ್ತಾನವನ್ನು ಸೋಲಿಸಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಸೆಮಿಫೈನಲ್ ತಲುಪಿದರು. ಅಲ್ಲಿ ಗೆದ್ದಿದ್ದು ಭಾರತ.

ಆದರೆ ಅಪಾಯ ಹೊರಗಷ್ಟೇ ಇರಲಿಲ್ಲ. 2018ರಲ್ಲಿ ಆಟಗಾರ್ತಿಯರು ತಮ್ಮದೇ ಫೆಡರೇಷನ್ ಅಧ್ಯಕ್ಷ ಕೆರಾಮುದ್ದೀನ್ ಕರೀಮ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. ಮರುವರ್ಷ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಆತನಿಗೆ ಆಜೀವ ನಿಷೇಧ ಹಾಕಿತು. ಅಂಥ ದೇಶದಲ್ಲಿ ಬಾಯಿಬಿಡೋದಕ್ಕೆ ಎಷ್ಟು ಧೈರ್ಯ ಬೇಕು, ಅಲ್ವಾ?

ತಾಲಿಬಾನ್ ಮರಳಿದ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮೊದಲು ಹೈಸ್ಕೂಲು. 2022ರ ನವೆಂಬರ್‌ನಲ್ಲಿ ಪಾರ್ಕು, ಜಿಮ್ಮು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ. ಆ ಹೊತ್ತಿಗೆ ರಾಷ್ಟ್ರೀಯ ತಂಡದ ಹಲವರು ಆಸ್ಟ್ರೇಲಿಯಾ ಸೇರಿದ್ದರು, ಕಿರಿಯರ ತಂಡ ಪೋರ್ಚುಗಲ್ ಸೇರಿತ್ತು. ಮೆಲ್ಬರ್ನ್‌ನಲ್ಲಿ ಅಲ್ಲಿನ ಕ್ಲಬ್ ಒಂದರ ಬೆಂಬಲದಿಂದ ಲೀಗ್ ಪಂದ್ಯಗಳನ್ನೂ ಆಡುತ್ತಿದ್ದರು.

ಆದರೂ ದೇಶದ ಪರವಾಗಿ ಆಡುವಂತಿರಲಿಲ್ಲ. ಇಲ್ಲಿ ಅಡ್ಡ ಬಂದಿದ್ದು ತಾಲಿಬಾನ್ ಒಂದೇ ಅಲ್ಲ, ಫಿಫಾದ ನಿಯಮವೂ ಹೌದು. ಒಂದು ದೇಶದ ಫೆಡರೇಷನ್ ಕಳಿಸಿದ ತಂಡವನ್ನಷ್ಟೇ ಫಿಫಾ ರಾಷ್ಟ್ರೀಯ ತಂಡ ಎನ್ನುತ್ತಿತ್ತು. ಕಾಬೂಲ್‌ನಲ್ಲಿರುವ ಫೆಡರೇಷನ್ ಹೆಣ್ಣುಮಕ್ಕಳ ತಂಡ ಕಳಿಸುವುದು ಸಾಧ್ಯವೇ ಇಲ್ಲ. ಅಲ್ಲಿಗೆ ಬೀಗ ಹಾಕಿದವರ ಕೈಗೇ ಕೀಲಿಯನ್ನೂ ಕೊಟ್ಟಂತಾಯಿತು.

ಹೆಣ್ಣು ಗಂಡೆಂಬ ತಾರತಮ್ಯ ಮಾಡಿದರೆ ಅಮಾನತು ಮಾಡಬಹುದು ಎಂದು ಫಿಫಾದ್ದೇ ಸಂವಿಧಾನ ಹೇಳುತ್ತದೆ. ಹಾಗಿದ್ದರೂ ಪುರುಷರ ತಂಡ ಆಡುತ್ತಲೇ ಇತ್ತು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ನಮ್ಮ ತಂಡವನ್ನು 2-1ರಿಂದ ಸೋಲಿಸಿದ್ದು ಇದೇ ಅಫ್ಘಾನಿಸ್ತಾನ. ಸೋಲು ನಮಗೆ ನೆನಪಿದೆ. ಅವರ ಹೆಣ್ಣುಮಕ್ಕಳ ತಂಡ ಎಲ್ಲಿ ಹೋಯಿತು ಎಂದು ಅಂದು ಕೇಳಿದವರು ಕಡಿಮೆ. ಗಂಡಸರ ತಂಡವನ್ನು ಹೊರಗಿಟ್ಟರೆ ಆಟಗಾರರಿಗೆ ಅನ್ಯಾಯವಾಗುತ್ತದೆ ಎನ್ನುವವರಿದ್ದಾರೆ, ಆ ಮಾತಲ್ಲೂ ಹುರುಳಿದೆ. ಆದರೆ ನಿರಾಶ್ರಿತ ಆಟಗಾರ್ತಿಯರಿಗೊಂದು ದಾರಿ ಮಾಡಿಕೊಡೋದಕ್ಕೆ ನಾಲ್ಕು ವರ್ಷ ಬೇಕಿರಲಿಲ್ಲ. ಆಟಗಾರ್ತಿಯ ಬದುಕಿನಲ್ಲಿ ನಾಲ್ಕು ವರ್ಷ ಅಂದರೆ ತುಂಬಾ ಜಾಸ್ತಿ.

2025ರ ಮೇ ತಿಂಗಳಲ್ಲಿ ಫಿಫಾ ಕೊನೆಗೂ ನಿರಾಶ್ರಿತರ ತಂಡವೊಂದಕ್ಕೆ ಒಪ್ಪಿತು. ಹೆಸರು ಅಫ್ಘಾನ್ ವಿಮೆನ್ ಯುನೈಟೆಡ್. ಅಕ್ಟೋಬರ್ ಕೊನೆಯಲ್ಲಿ ಮೊರಾಕೊದಲ್ಲಿ ಮೊದಲ ಟೂರ್ನಿ ಆಡಿದರು. ಚಾಡ್ ಎದುರು 6-1, ಟುನೀಷಿಯಾ ಎದುರು 4-0 ಸೋಲು. ನವೆಂಬರ್ ಮೊದಲ ದಿನ ಲಿಬಿಯಾ ಎದುರು ಏಳು ಗೋಲು ಹೊಡೆದರು, ಒಂದನ್ನೂ ಬಿಟ್ಟುಕೊಡಲಿಲ್ಲ.