ಅಸಲಿ ಬಿಡಿಭಾಗ, ನಕಲಿ ಕಠಾರಿ

1934ರ ಫೆಬ್ರುವರಿಯಲ್ಲಿ ಎರ್ನ್ಸ್ಟ್ ರೋಮ್ ತನ್ನ ಹಳೆಯ ಒಡನಾಡಿಗಳಿಗೆ ಕಠಾರಿ ಹಂಚಿಸಿದ. ಅವನು ನಾಜಿ ಪಕ್ಷದ ಕಂದು ಅಂಗಿಯ ಪಡೆಯಾದ ಎಸ್‌ಎಯ ಮುಖ್ಯಸ್ಥ. ಅಲಗಿನ ಒಂದು ಬದಿಯಲ್ಲಿ 'ಎಲ್ಲವೂ ಜರ್ಮನಿಗಾಗಿ' ಎಂಬ ಪಡೆಯ ಘೋಷಣೆ. ಇನ್ನೊಂದು ಬದಿಯಲ್ಲಿ ಅವನದೇ ಕೈಬರಹದಲ್ಲಿ 'ಹೃತ್ಪೂರ್ವಕ ಸ್ನೇಹದಿಂದ, ಎರ್ನ್ಸ್ಟ್ ರೋಮ್'. ಆ ಸ್ನೇಹ ಐದು ತಿಂಗಳೂ ಬಾಳಲಿಲ್ಲ. ಜೂನ್ 30ರಂದು ಹಿಟ್ಲರ್ ಅವನನ್ನು ಹಿಡಿಸಿದ. ಮರುದಿನ ಮ್ಯೂನಿಕ್‌ನ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಆಮೇಲೆ ಬಂದ ಅಪ್ಪಣೆ: ಕಠಾರಿಯ ಮೇಲಿನ ಆ ಬರಹ ಉಜ್ಜಿ ತೆಗೆಯಿರಿ.

ಕೆಲವರು ಇಡೀ ಸಾಲು ಉಜ್ಜಿಸಿದರು. ಕೆಲವರು ಹೆಸರನ್ನಷ್ಟೇ ತೆಗೆಸಿದರು. ಅಪ್ಪಣೆಗೆ ಸೊಪ್ಪು ಹಾಕದೆ ಹಾಗೇ ಬಚ್ಚಿಟ್ಟುಕೊಂಡವರೂ ಇದ್ದರು. ಯಾವುದು ಅಸಲಿ, ಯಾವುದು ನಕಲಿ ಎಂಬ ಸಂಗ್ರಹಕಾರರ ಇವತ್ತಿನ ಜಗಳಕ್ಕೆ ಬೀಜ ಬಿದ್ದಿದ್ದು ಇಲ್ಲೇ. ಸಾಮಾನ್ಯ ಎಸ್‌ಎ ಕಠಾರಿ ಲಕ್ಷಗಟ್ಟಲೆ ತಯಾರಾಗಿತ್ತು, ಈಗಲೂ ಸಿಗುತ್ತದೆ. ಬರಹ ಪೂರ್ತಿ ಉಳಿದಿರುವುದು ಅಪರೂಪ, ಬೆಲೆ ಹಲವು ಪಟ್ಟು ಜಾಸ್ತಿ. ಹಾಗಾದರೆ ಸಾಮಾನ್ಯ ಕಠಾರಿಗೆ ಆ ಸಾಲನ್ನು ಈಗ ಕೊರೆಸಿದರೆ? ಅಲಗು ಅಸಲಿ, ಹಿಡಿ ಅಸಲಿ, ಒರೆಯೂ ಅಸಲಿ. ಸುಳ್ಳು ಇರುವುದು ಒಂದು ಸಾಲಿನಲ್ಲಿ ಮಾತ್ರ.

ಇವೆಲ್ಲ ತಯಾರಾದ ಊರಿನ ಕಥೆಯೂ ಗೊಂದಲ ಹೆಚ್ಚಿಸುವಂಥದ್ದೇ. ಪಶ್ಚಿಮ ಜರ್ಮನಿಯ ಸೋಲಿಂಗೆನ್ ಮಧ್ಯಯುಗದಿಂದಲೂ ಕತ್ತಿ, ಚಾಕುಗಳ ಊರು. 1933ರ ಕೊನೆಗೆ ಎಸ್‌ಎ ಕಠಾರಿ ಜಾರಿಗೆ ಬಂತು. ಅದರ ಆಕಾರವನ್ನು 16ನೇ ಶತಮಾನದ ಸ್ವಿಸ್ ಕಠಾರಿಯಿಂದ ಎತ್ತಿಕೊಂಡಿದ್ದರು. ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಕೂತಿದ್ದ ಸೋಲಿಂಗೆನ್‌ನಲ್ಲಿ ದೊಡ್ಡ ಕಾರ್ಖಾನೆಗಳ ಜೊತೆ ಸಣ್ಣಪುಟ್ಟ ಅಂಗಡಿಗಳೂ ಇದಕ್ಕೆ ಕೈಹಾಕಿದವು. ಮೊದಲು ಪ್ರತಿಯೊಬ್ಬರೂ ತಮ್ಮ ಮುದ್ರೆ ಒತ್ತುತ್ತಿದ್ದರು. 1930ರ ದಶಕದ ನಡುವಿನಲ್ಲಿ ಪಕ್ಷದ ಸರಬರಾಜು ಕಚೇರಿ ಅದರ ಬದಲು ಸಂಖ್ಯೆ ತಂದಿತು. ಎಂ7/66 ಎಂದರೆ ಕಾರ್ಲ್ ಐಕ್‌ಹಾರ್ನ್ ಕಂಪನಿ, ಎಂ7/36 ಎಂದರೆ ಹೋರ್ಸ್ಟರ್ ಕಂಪನಿ. ಬದಲಾವಣೆಯ ಆ ಹೊತ್ತಿನಲ್ಲಿ ಕಾರ್ಖಾನೆಯವರು ಇದ್ದಬದ್ದ ಹಳೆಯ ಮಾಲನ್ನೂ ಹೊಸದನ್ನೂ ಸೇರಿಸಿಯೇ ಜೋಡಿಸಿದ್ದಾರೆ. ಮುದ್ರೆ, ಸಂಖ್ಯೆ ಎರಡೂ ಇರುವ ಅಲಗುಗಳೂ ಇವೆ. ಹಾಗಾಗಿ 'ಭಾಗಗಳು ಹೊಂದುತ್ತಿಲ್ಲ, ಇದು ನಕಲಿ' ಅಂತ ಥಟ್ಟನೆ ತೀರ್ಪು ಕೊಡಲು ಬರುವುದಿಲ್ಲ.

ಸೇನಾಧಿಕಾರಿಗಳ ಕಠಾರಿಗಳ ಮೇಲೆ 'ಅಲ್ಕೋಸೋ' ಎಂಬ ಮುದ್ರೆ ಸಿಗುತ್ತದೆ. ಅಲೆಕ್ಸಾಂಡರ್ ಕೊಪ್ಪೆಲ್, ಸೋಲಿಂಗೆನ್ ಎಂಬುದರ ಚುಟುಕು ರೂಪ ಅದು. ಕೊಪ್ಪೆಲ್‌ಗಳು ಯಹೂದಿಗಳು. ನಾಜಿಗಳ ಕಾಲದಲ್ಲಿ ಕಂಪನಿ ಆ ಮನೆತನದ ಕೈತಪ್ಪಿತು, ಮುದ್ರೆ ಮಾತ್ರ ಮುಂದುವರಿಯಿತು. ಆ ಮನೆತನದ ಡಾ. ಅಲೆಕ್ಸಾಂಡರ್ ಕೊಪ್ಪೆಲ್ 1942ರಲ್ಲಿ ನಾಜಿಗಳ ಟೆರೇಜೀನ್‌ಶ್ಟಾಟ್ ಬಂಧನ ಶಿಬಿರದಲ್ಲಿ ತೀರಿಕೊಂಡರು. ಮುದ್ರೆಯ ಅಂಚು ಚೂಪಾಗಿದೆಯಾ ಇಲ್ಲವಾ ಅಂತ ಗಂಟೆಗಟ್ಟಲೆ ವಾದಿಸುವವರು ಈ ಕಥೆಯನ್ನೂ ಒಂದು ಸಲ ಹೇಳಬಹುದು, ಅಲ್ವಾ?

1945ರಲ್ಲಿ ಗೆದ್ದ ಸೈನಿಕರು ಕಠಾರಿಗಳನ್ನು ನೆನಪಿನ ವಸ್ತುವಾಗಿ ಮನೆಗೆ ಒಯ್ದರು. ಸಂಗ್ರಹದ ಹುಚ್ಚು ಹತ್ತಿದ್ದು ಅಲ್ಲಿಂದಲೇ, ಮುಖ್ಯವಾಗಿ ಅಮೆರಿಕದಲ್ಲಿ. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಆಟ್‌ವುಡ್ ಸೋಲಿಂಗೆನ್‌ಗೆ ಹೋಗಿ, ಕಾರ್ಖಾನೆಗಳಲ್ಲಿ ಉಳಿದಿದ್ದ ಬಿಡಿಭಾಗಗಳನ್ನು ರಾಶಿಗಟ್ಟಲೆ ಕೊಂಡರು. 1965ರಲ್ಲಿ ಈ ಕಠಾರಿಗಳ ಬಗ್ಗೆಯೇ ಪುಸ್ತಕ ಬರೆದರು. ಬಹಳ ಕಾಲ ಸಂಗ್ರಹಕಾರರ ಕೈಪಿಡಿ ಅದೇ. ಅದರಲ್ಲಿನ ಕೆಲವು ಮಾದರಿಗಳು ನಿಜಕ್ಕೂ ಯುದ್ಧಕ್ಕೆ ಮೊದಲಿನವೋ ಅಲ್ಲವೋ ಎಂಬ ಅನುಮಾನ ಆಮೇಲೆ ಎದ್ದಿತು. ಪುಸ್ತಕ ಬರೆದವರೇ ವ್ಯಾಪಾರಿಯೂ ಆದಾಗ ಈ ಅನುಮಾನ ಸಹಜ. ಆದರೆ ಹಳೆಯ ಭಾಗಗಳಿಂದ, ಅದೇ ಊರಿನಲ್ಲಿ, ಇಪ್ಪತ್ತು ವರ್ಷ ತಡವಾಗಿ ಜೋಡಿಸಿದ ಕಠಾರಿಯನ್ನು ಏನೆಂದು ಕರೆಯುವುದು? ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ.

ಡಮಾಸ್ಕಸ್ ಅಲಗಿನ ಗೌರವ ಕಠಾರಿಗಳದ್ದು ಇನ್ನೂ ಕಷ್ಟ. ಪದರ ಪದರ ಉಕ್ಕು ಬೆಸೆದು, ಬಡಿದು ಗೆರೆಗಳ ಚಿತ್ತಾರ ಬರಿಸುವ ಕೆಲಸ ಅದು. ಪೌಲ್ ಮ್ಯುಲರ್ ಅಂಥ ಬೆರಳೆಣಿಕೆಯ ಕಮ್ಮಾರರಿಗಷ್ಟೇ ಗೊತ್ತಿತ್ತು. ಯುದ್ಧ ಮುಗಿದ ಮೇಲೂ ಆ ಕಸುಬು ಉಳಿಯಿತು. ಹೋಲಿಸಿ ನೋಡಲು ಅಸಲಿಗಳೇ ನಾಲ್ಕಾರು ಇರುವಾಗ ಯಾವುದನ್ನು ಅಳತೆಗೋಲು ಮಾಡಿಕೊಳ್ಳುವುದು?

ಪರೀಕ್ಷೆಗಳು ಇಲ್ಲದಿಲ್ಲ. ಎಸ್‌ಎ ಅಲಗಿನ ಮೇಲೆ ಕಾರ್ಖಾನೆಯಲ್ಲಿ ಅಡ್ಡಡ್ಡ ಉಜ್ಜಿದ ಸಣ್ಣ ಗೆರೆಗಳಿರುತ್ತವೆ. ಕೊರೆದ ಅಕ್ಷರ ಆ ಗೆರೆಗಳ ನಡುವೆ ಹೇಗೆ ಕೂತಿದೆ ಅಂತ ಭೂತಗನ್ನಡಿ ಹಿಡಿದು ನೋಡುತ್ತಾರೆ. ಮರದ ಹಿಡಿಯನ್ನು ಆಗ ಕೈಯಿಂದ ಉಜ್ಜಿ ಲೋಹದ ಅಂಚಿಗೆ ಸರಿಯಾಗಿ ಕೂರಿಸುತ್ತಿದ್ದರು, ಸಂದು ಕಂಡರೆ ಹುಬ್ಬೇರುತ್ತದೆ. ಆದರೆ ತೊಂಬತ್ತು ವರ್ಷದಲ್ಲಿ ಮರ ತಾನೇ ಕುಗ್ಗಿರಬಹುದು. ಹಿಡಿಗೆ ಕಟ್ಟುವ ಗೊಂಡೆಯನ್ನು ನೇರಳಾತೀತ ಬೆಳಕಿಗೆ ಹಿಡಿಯುತ್ತಾರೆ. ಯುದ್ಧದ ನಂತರದ ದಾರ ಎಷ್ಟೋ ಸಲ ಬೆಳ್ಳಗೆ ಹೊಳೆಯುತ್ತದೆ. ಹೊಳೆಯದಿದ್ದರೆ ಹಳೆಯದು ಅಂತ ಖಾತ್ರಿಯೇನಲ್ಲ.

ಕೊನೆಗೆ ಕಾಗದ ಕೇಳುತ್ತಾರೆ: ಯಾವ ಸೈನಿಕ ತಂದ, ಯಾರ ಸಹಿ ಇದೆ? ಹಿಟ್ಲರ್ ಡೈರಿಗಳ ಖೋಟಾ ಮಾಡಿ 1983ರಲ್ಲಿ ಸಿಕ್ಕಿಬಿದ್ದ ಕೊನ್ರಾಡ್ ಕುಯಾವ್ ಅದಕ್ಕೂ ಮುಂಚೆ ನಾಜಿ ವಸ್ತುಗಳ ವ್ಯಾಪಾರ ಮಾಡುತ್ತಿದ್ದವನು. ಸಾಧಾರಣ ಹಳೆಯ ಶಿರಸ್ತ್ರಾಣಕ್ಕೆ, ಇದು ಹಿಟ್ಲರನದೇ ಎಂಬ ಸುಳ್ಳು ಪತ್ರ ಲಗತ್ತಿಸಿ ಮಾರುವುದು ಅವನ ದಾರಿ. ವಸ್ತುವನ್ನು ಖೋಟಾ ಮಾಡುವುದಕ್ಕಿಂತ ಕಾಗದವನ್ನು ಮಾಡುವುದು ಸುಲಭ.

ಇನ್ನು ಜರ್ಮನಿಯಲ್ಲೇ ಕೊಳ್ಳುವವರಿಗೆ ಬೇರೆಯೇ ತೊಡಕು. ಅಲ್ಲಿನ ದಂಡಸಂಹಿತೆಯ 86ಎ ಕಲಂ ನಾಜಿ ಚಿಹ್ನೆ, ಘೋಷಣೆಗಳನ್ನು ಸಾರ್ವಜನಿಕವಾಗಿ ಬಳಸುವುದನ್ನು ನಿಷೇಧಿಸುತ್ತದೆ. ಕಠಾರಿಯ ಮೇಲಿನ ಆ ಎಸ್‌ಎ ಘೋಷಣೆಯನ್ನು ಭಾಷಣದಲ್ಲಿ ಬಳಸಿದ್ದಕ್ಕೆ ಬಲಪಂಥೀಯ ಎಎಫ್‌ಡಿ ಪಕ್ಷದ ನಾಯಕ ಬ್ಯೋರ್ನ್ ಹ್ಯೋಕೆಗೆ 2024ರ ಮೇ ತಿಂಗಳಲ್ಲಿ ಹಾಲೆ ನಗರದ ನ್ಯಾಯಾಲಯ 13,000 ಯೂರೋ ದಂಡ ಹಾಕಿತು. ಹರಾಜು ಮಾಡುವವರು ಫೋಟೊಗಳಲ್ಲಿ ಸ್ವಸ್ತಿಕವನ್ನು ಮುಚ್ಚಿಯೇ ತೋರಿಸುತ್ತಾರೆ. ಹಿಡಿಯ ಮೇಲಿನ ಹದ್ದಿನ ಕಾಲಡಿಯ ಆ ಸ್ವಸ್ತಿಕದ ಕೆತ್ತನೆಯನ್ನೇ ಮೊದಲು ನೋಡಬೇಕೆನ್ನುವವನು, ಸಾಮಾನು ಕೈಗೆ ಬರುವವರೆಗೆ ಕಾಯಬೇಕು.