ಹಳೇ ಹಾಟ್ ರಾಡ್ ಕಾರ್ಬುರೇಟರ್ ಸೋರುತ್ತಿದ್ದರೆ

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಸೋರುತ್ತಿತ್ತು. ಹೊಸ ನೀಡಲ್ ಹಾಕಿದೆ, ಸೋರಿತು. ಸೀಟನ್ನೂ ಬದಲಿಸಿದೆ, ಆಗಲೂ ಸೋರಿತು. ಮೂರನೇ ಸಲ ಬಿಚ್ಚುವಾಗ ಕಾಕಾ ನನ್ನ ಕೈ ಹಿಡಿದು, "ತಮ್ಮಾ, ಮೊದ್ಲ ಒರಸು. ಆಮ್ಯಾಲೆ ನೋಡು. ಬಿಚ್ಚೂದು ಕಡೀಕ" ಅಂದರು. ಕಾಕಾ ವಿಜಯಪುರದವರು. ಪುಣೆಯ ನಾನಾ ಪೇಠೆಯ ಹತ್ತಿರ ನಾನು ಕೆಲಸ ಕಲಿಯುತ್ತಿರುವ ಗ್ಯಾರೇಜಿನಲ್ಲಿ ಅವರೇ ನನ್ನ ಗುರು. ಅಲ್ಲಿ ಬರೆದುಕೊಂಡದ್ದನ್ನು ನನ್ನಂತೆ ಕಲಿಯುತ್ತಿರುವವರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಗಾಡಿ ಹಳೇ ಫೋರ್ಡ್ ಫ್ಲಾಟ್‌ಹೆಡ್ ವಿ8, ಅಂದರೆ ಮೇಲಿನ ಹೆಡ್ ಚಪ್ಪಟೆಯಾಗಿರುವ ಎಂಟು ಸಿಲಿಂಡರಿನ ಎಂಜಿನ್‌ನದು. ಫೋರ್ಡ್ ಈ ಎಂಜಿನ್ ತಂದದ್ದು 1932ರಲ್ಲಿ. 221 ಘನ ಇಂಚು, 65 ಅಶ್ವಶಕ್ತಿ, ಅದೂ ಸಾಮಾನ್ಯ ಜನ ಕೊಳ್ಳುವ ಬೆಲೆಗೆ. ಕ್ಯಾಲಿಫೋರ್ನಿಯಾದ ಹುಡುಗರು ಇವನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಮಡ್‌ಗಾರ್ಡ್ ಕಿತ್ತು ಭಾರ ಇಳಿಸಿ, ಒಂದು ಕಾರ್ಬುರೇಟರ್ ಇದ್ದ ಕಡೆ ಎರಡು ಮೂರು ಕೂರಿಸಿ ಓಡಿಸಿದರು. ಹೀಗೆ ವೇಗಕ್ಕಾಗಿ ಮಾರ್ಪಡಿಸಿದ ಗಾಡಿಯೇ ಹಾಟ್ ರಾಡ್. ಅವರಿಗೆ ಅಚ್ಚುಮೆಚ್ಚಾದದ್ದು ಸ್ಟ್ರಾಂಬರ್ಗ್ 97. ಗಾಳಿ ಹಾಯುವ ಗಂಟಲಿನ ಅತಿ ಕಿರಿದಾದ ಜಾಗ 0.97 ಇಂಚು, ಅದಕ್ಕೇ ಆ ಹೆಸರು. ನಮ್ಮ ಗಾಡಿಯಲ್ಲಿ ಇಂಥವು ಎರಡಿವೆ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲೇ ಬೌಲ್. ಅದಕ್ಕೆ ಪೆಟ್ರೋಲ್ ಬರುವ ಬಾಗಿಲೇ ನೀಡಲ್ ಮತ್ತು ಸೀಟ್. ಪೆಟ್ರೋಲ್ ಏರಿದಂತೆ ಹಿತ್ತಾಳೆಯ ಫ್ಲೋಟ್ ತೇಲಿ, ನೀಡಲನ್ನು ಸೀಟಿಗೆ ಒತ್ತಿ ಬಾಗಿಲು ಮುಚ್ಚುತ್ತದೆ. ಆ ಕಡೆಯಿಂದ ಪಂಪು ಬಾಗಿಲನ್ನು ತೆರೆಯಲು ತಳ್ಳುತ್ತಲೇ ಇರುತ್ತದೆ. ಪಂಪು ಗೆದ್ದರೆ ಬೌಲ್ ತುಂಬಿ ಹರಿಯುತ್ತದೆ.

97ಕ್ಕೆ ಬೇಕಾದ ಒತ್ತಡ ಸುಮಾರು 2.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ), ಹೆಚ್ಚೆಂದರೆ 3. ಕಾರಿನ ಟೈರಿನಲ್ಲಿ 30ರ ಆಸುಪಾಸು ಇರುತ್ತದಲ್ವಾ, ಅದರ ಹನ್ನೆರಡನೇ ಒಂದು ಪಾಲು! ಸೀಟಿನ ತೂತು 2.5 ಮಿ.ಮೀ. ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 2.5 ಪಿಎಸ್‌ಐನಲ್ಲಿ ನೀಡಲ್ ಮೇಲೆ ಬೀಳುವ ಒತ್ತು ಸುಮಾರು 9 ಗ್ರಾಂ ತೂಕದಷ್ಟು. 6 ಪಿಎಸ್‌ಐ ಕೊಡುವ ಎಲೆಕ್ಟ್ರಿಕ್ ಪಂಪು ಹಾಕಿದರೆ ಅದೇ 21 ಗ್ರಾಂ ಆಗುತ್ತದೆ. ಫ್ಲೋಟ್ ಮಾತ್ರ ಅದೇ ಹಳೇದು, ಅದರ ಶಕ್ತಿ ಹೆಚ್ಚುವುದಿಲ್ಲ. ನಮ್ಮ ಗಾಡಿಗೂ ಯಾರೋ ಇಂಥದೇ ಪಂಪು ಹಾಕಿದ್ದರು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಪೈಪಿನಲ್ಲಿ ಗೇಜ್ ಇಟ್ಟು ನೋಡಿ. ಜಾಸ್ತಿ ಇದ್ದರೆ ರೆಗ್ಯುಲೇಟರ್ ಹಾಕಿ ಇಳಿಸಿ. ಹೊಸ ಕಿಟ್‌ಗೆ ದುಡ್ಡು ಹಾಕುವುದು ಅದಾದ ಮೇಲೆ.

ಇನ್ನು ಸೋರುವ ಜಾಗ ಹುಡುಕುವುದು. ಪೆಟ್ರೋಲ್ ಬೇಗ ಆರಿ ಹೋಗುತ್ತದೆ, ಪುಣೆಯ ಏಪ್ರಿಲ್ ಬಿಸಿಲಿನಲ್ಲಂತೂ ಕಣ್ಣೆದುರೇ ಮಾಯ. ಉಳಿಯುವುದು ಒಂದು ಕಂದು ಕಲೆ, ಅದೂ ಹರಿದು ಬಂದು ನಿಂತ ಜಾಗದಲ್ಲಿ. ಹೊರಟ ಜಾಗ ಬೇರೆಯೇ ಇರುತ್ತದೆ. ಕಾಕಾ ಮಾಡುವುದು ಹೀಗೆ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರ್ಬುರೇಟರನ್ನು ಒರಸಿ ಒಣಗಿಸುತ್ತಾರೆ. ಗಾಳಿಯ ಬಾಯಿಗೆ ಬಟ್ಟೆ ಮುಚ್ಚಿ, ಸೀಮೆಸುಣ್ಣದ ಪುಡಿಯನ್ನು ಮೈಮೇಲೆಲ್ಲಾ ತೆಳ್ಳಗೆ ಉದುರಿಸುತ್ತಾರೆ. ಆಮೇಲೆ ಎಂಜಿನ್ ಶುರು ಮಾಡದೆ ಪಂಪು ಮಾತ್ರ ಓಡಿಸುತ್ತಾರೆ. ನಮ್ಮ ಗಾಡಿಯಲ್ಲಿ ಬಿಳಿ ಪುಡಿಯ ನಡುವೆ ಸಾಸಿವೆ ಗಾತ್ರದ ಒಂದು ಕಪ್ಪು ಚುಕ್ಕೆ ಮೂಡಿತು. ನೋಡುತ್ತಿದ್ದಂತೆ ಅದು ಎಳೆಯಾಗಿ ಕೆಳಗಿಳಿಯಿತು. ಬೌಲಿನ ತಳದ ಪ್ಲಗ್ ಅದು! ಒಳಗಿದ್ದ ಫೈಬರ್ ವಾಷರ್ ಹಪ್ಪಳದಂತೆ ಒಣಗಿ ಸೀಳಿತ್ತು. ಆಗ ನನಗಾದ ಸಂತೋಷ ಹೇಳತೀರದು.

ಈ ಕೆಲಸ ಗಾಳಿ ಆಡುವ ಕಡೆ ಮಾತ್ರ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಬಿಚ್ಚುವ ಮೊದಲು ಬ್ಯಾಟರಿಯ ತಂತಿ ತೆಗೆಯಿರಿ.

ಎರಡನೇ ಕಾರ್ಬುರೇಟರಿನ ಹೊರಗೆ ಎಲ್ಲೂ ಚುಕ್ಕೆ ಬರಲಿಲ್ಲ, ಆದರೆ ಗಂಟಲಿನೊಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ನಾನು ನೀಡಲ್ ಬದಲಿಸಿ ಸೋತದ್ದು ಇದರಲ್ಲೇ. ಸೀಟಿನ ಅಡಿಯಲ್ಲಿ ಒಂದು ಪುಟ್ಟ ವಾಷರ್ ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಬಾಗಿಲನ್ನು ಬಿಟ್ಟು, ಸೀಟಿನ ತಿರುಪಿನ ಸುತ್ತ ನುಸುಳಿ ಬೌಲಿಗಿಳಿಯುತ್ತದೆ. ನೀಡಲ್ ಎಷ್ಟು ಹೊಸದಿದ್ದರೇನು? ಇದನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಬಾಟಲಿಯಲ್ಲಿ ಸೀಮೆಎಣ್ಣೆ ತುಂಬಿ, ಎರಡು ಮೀಟರ್ ಎತ್ತರಕ್ಕೆ ಕಟ್ಟಿ, ಪೈಪನ್ನು ಕಾರ್ಬುರೇಟರಿಗೆ ಜೋಡಿಸಿ. ಒಂದು ಮೀಟರಿಗೆ ಒಂದು ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿ ಒತ್ತಡ ಸಿಗುತ್ತದೆ, ಪೆಟ್ರೋಲಿಗಿಂತ ಅಪಾಯವೂ ಕಡಿಮೆ. ಹತ್ತು ನಿಮಿಷ ಬಿಟ್ಟರೂ ಮಟ್ಟ ಏರದಿದ್ದರೆ ಬಾಗಿಲು ಸರಿಯಿದೆ. ಗಾಡಿಗೆ ಕೂರಿಸಿದ ಮೇಲೆ ಪೆಟ್ರೋಲ್ ಮಟ್ಟ ಬೌಲಿನ ಅಂಚಿನಿಂದ 15/32 ಇಂಚು, ಅಂದರೆ ಸುಮಾರು 12 ಮಿ.ಮೀ. ಕೆಳಗೆ ನಿಲ್ಲಬೇಕು.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಕುಳುಕುಳು ಅಂದರೆ ತೂತಾಗಿದೆ. ಸದ್ದಿಲ್ಲದಿದ್ದರೂ ಬಿಸಿ ನೀರಿನಲ್ಲಿ ಮುಳುಗಿಸಿ ನೋಡಿ, ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಹೋಗುವ ಮೊದಲು ದಯವಿಟ್ಟು ಬೆಸುಗೆ ಹಾಕಬೇಡಿ, ಸಿಡಿಯುತ್ತದೆ. ಬೆಸುಗೆ ಜಾಸ್ತಿಯಾದರೂ ಕಷ್ಟವೇ. ಫ್ಲೋಟ್ ಭಾರವಾಗಿ ಮಟ್ಟ ಏರುತ್ತದೆ.

ಮೇಲಿನ ಮುಚ್ಚಳದ ಸಂದಿನಲ್ಲಿ ಸೋರಿದರೆ ಸ್ಕ್ರೂ ಇನ್ನಷ್ಟು ಬಿಗಿಯಬೇಡಿ. ಹಾಗೆ ಬಿಗಿದೇ ಅದು ಸೊಟ್ಟಗಾಗಿರುತ್ತದೆ. ಗಾಜಿನ ಮೇಲೆ ನಯವಾದ ಪಾಲಿಶ್ ಪೇಪರ್ ಇಟ್ಟು, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ ಸಮ ಮಾಡಿ. ಸಿಲಿಕಾನ್ ಗೋಂದಂತೂ ಬೇಡವೇ ಬೇಡ. ಪೆಟ್ರೋಲಿಗೆ ಉಬ್ಬಿ, ತುಂಡಾಗಿ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಅಂದರೆ ಜೆಟ್‌ಗೆ, ಸಿಕ್ಕಿಕೊಳ್ಳುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾದವರೆಗೆ ಎಥನಾಲ್. ಹಳೇ ಕಾಲದ ರಬ್ಬರ್ ಪೈಪು ಇದರಲ್ಲಿ ಮೆತ್ತಗಾಗುತ್ತದೆ. ಹಿಂದಿನವರು ಪ್ಯಾಕಿಂಗ್‌ಗೆ ಹಚ್ಚುತ್ತಿದ್ದ ಶೆಲ್ಯಾಕ್ ನಮ್ಮ ಅರಗಿನಿಂದ ಮಾಡಿದ್ದು, ಅದು ಆಲ್ಕೋಹಾಲಿನಲ್ಲಿ ಕರಗುವ ವಸ್ತು. ದಶಕಗಟ್ಟಲೆ ಸೋರದೇ ಇದ್ದದ್ದು ಈಗ ಸೋರಲು ಇದೂ ಒಂದು ಕಾರಣ. ಪೈಪು, ಪ್ಯಾಕಿಂಗ್ ಎರಡನ್ನೂ ಎಥನಾಲ್ ತಡೆಯುವಂಥದ್ದೇ ಕೇಳಿ ತನ್ನಿ.

ಕಾತ್ರಜ್ ಘಾಟ್ ಹತ್ತಿ ಬಂದು ನಿಲ್ಲಿಸಿದ ಮೇಲೆ ಮಾತ್ರ ಗಂಟಲಿನಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಅದು ಬಿಸಿಯ ಆಟ. ಫ್ಲಾಟ್‌ಹೆಡ್‌ನಲ್ಲಿ ಹೊಗೆಯ ದಾರಿ ಬ್ಲಾಕಿನೊಳಗೇ ಹಾಯುತ್ತದೆ, ಹಾಗಾಗಿ ಎಂಜಿನ್ ವಿಪರೀತ ಕಾಯುತ್ತದೆ. ಬೌಲಿನ ಪೆಟ್ರೋಲ್ ಕುದಿದು ಉಕ್ಕುತ್ತದೆ. ಇಲ್ಲಿ ನೀಡಲ್‌ನ ತಪ್ಪಿಲ್ಲ. ಕಾರ್ಬುರೇಟರ್ ಅಡಿಗೆ ಬಿಸಿ ತಡೆಯುವ ಬೇಕಲೈಟ್ ಸ್ಪೇಸರ್ ಇಡಿ.

ಎಲ್ಲ ಮುಗಿದ ಮೇಲೆ ಎಂಜಿನ್ ಶುರು ಮಾಡುವ ಮುಂಚೆ ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಸೋರಿದ್ದು ಸಿಲಿಂಡರ್ ದಾಟಿ ಆಯಿಲ್‌ಗೆ ಇಳಿದಿದೆ. ನಮ್ಮದರಲ್ಲಿ ಆಯಿಲ್ ಮಟ್ಟವೇ ಗೆರೆ ಮೀರಿ ಏರಿತ್ತು, ಬೆರಳಿಗೆ ನೀರಿನಂತೆ ತೆಳ್ಳಗಿತ್ತು. ಪೂರ್ತಿ ಇಳಿಸಿ ಹೊಸದು ಹಾಕಿದ ಮೇಲೆಯೇ ಕಾಕಾ ಸ್ಟಾರ್ಟ್ ಮಾಡಲು ಬಿಟ್ಟರು.